ಹಾಸಿಗೆ ಹಿಡಿದವರ ಮನೆಗೆ ಊರೇ ಬಂದ ಕಥೆ

ನಮ್ಮ ಬಳಗದ ಗೆಳತಿಯೊಬ್ಬಳ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹನ್ನೆರಡನೇ ದಿನ ಡಿಸ್ಚಾರ್ಜ್ ಚೀಟಿ ಕೈಗೆ ಬಂತು. ಅದರಲ್ಲಿ ಮಾತ್ರೆಗಳ ಹೆಸರಿತ್ತು, ಮತ್ತೆ ಯಾವತ್ತು ಬರಬೇಕು ಅನ್ನುವ ತಾರೀಖಿತ್ತು. ಅಜ್ಜಿಯನ್ನು ಮಗ್ಗುಲು ಬದಲಿಸುವುದು ಹೇಗೆ, ಮಲಗಿದಲ್ಲೇ ಮೈ ಒರೆಸುವುದು ಹೇಗೆ, ಗಂಜಿ ಕುಡಿಸುವಾಗ ಹೇಗೆ ಕೂರಿಸಬೇಕು, ಇದ್ಯಾವುದೂ ಇರಲಿಲ್ಲ. ಬಾಯಲ್ಲಿ ಹೇಳಿದವರೂ ಇಲ್ಲ.

ಮನೆಯಲ್ಲಿ ನೋಡಿಕೊಂಡವರು ಗೆಳತಿಯ ಅಮ್ಮ. ಅವರು ಕೂಲಿಗೆ ಹೋಗುವುದನ್ನು ಬಿಟ್ಟರು. ನೆಂಟರ ಮದುವೆಗೂ ಹೋಗಲಿಲ್ಲ. ರಾತ್ರಿ ಮೂರು ಸಲ ಏಳುತ್ತಿದ್ದರು. ಅಷ್ಟು ಮಾಡಿದರೂ ಮೂರನೇ ವಾರಕ್ಕೆ ಅಜ್ಜಿಯ ಬೆನ್ನ ಕೆಳಗೆ ಕೆಂಪಾಯಿತು, ಆಮೇಲೆ ಹುಣ್ಣಾಯಿತು. ಹುಣ್ಣು ತೋರಿಸಲು ಮತ್ತೆ ಆಸ್ಪತ್ರೆಗೆ ಹೋಗಬೇಕೆಂದರೆ ಬಾಡಿಗೆ ವ್ಯಾನು, ಎತ್ತಲು ಇಬ್ಬರು ಗಂಡಸರು, ಅವರ ಒಂದು ದಿನದ ಕೂಲಿ. "ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಆ ಅಮ್ಮ ಈಗಲೂ ಹೇಳುತ್ತಾರೆ. ತಪ್ಪು ಅವರದಲ್ಲ. ಹೇಳಿಕೊಡುವವರು ಒಬ್ಬರಾದರೂ ಮನೆಗೆ ಬಂದಿದ್ದರೆ ಆ ಹುಣ್ಣು ಬಹುಶಃ ಆಗುತ್ತಲೇ ಇರಲಿಲ್ಲ.

"ಮನೆಯಲ್ಲೇ ನೋಡಿಕೊಳ್ಳಿ" ಅಂತ ಆಸ್ಪತ್ರೆಯವರು ಹೇಳುವುದು ಸರಿಯೇ. ವಯಸ್ಸಾದವರಿಗೆ ತಮ್ಮ ಮನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಆದರೆ ಮನೆ ಅಂದರೆ ಯಾರು? ಒಬ್ಬ ಸೊಸೆಯೋ, ಒಬ್ಬ ಮಗಳೋ ಮಾತ್ರವೋ? ಅಥವಾ ಅವರ ಬೆನ್ನಿಗೆ ಬೇರೆ ಯಾರಾದರೂ ನಿಲ್ಲಬಹುದೋ? ಈ ಪ್ರಶ್ನೆ ಹಿಡಿದು ನಾವು ಹಿಂದಿನ ಕಥೆ ಓದುತ್ತಾ ಹೋದೆವು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಹಿಂದೆಲ್ಲ ಚೆನ್ನಾಗಿತ್ತೇ?

ಅರಳಿಕಟ್ಟೆ ಮೇಲೆ ಕೂತು ಮಾತಾಡಿದರೆ ಎಲ್ಲರೂ ಹೇಳುವುದು ಒಂದೇ: "ಮೊದಲು ಕೂಡು ಕುಟುಂಬ ಇತ್ತು, ಮುದುಕರನ್ನು ಚೆನ್ನಾಗಿ ನೋಡ್ಕೋತಿದ್ರು." ಇದರಲ್ಲಿ ಅರ್ಧ ನಿಜವಿದೆ.

ಉಳಿದರ್ಧ ಏನೆಂದರೆ, ಆಗ ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗುವವರೇ ಕಡಿಮೆ ಇದ್ದರು. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಹುಟ್ಟಿದ ಮಕ್ಕಳಲ್ಲಿ ಅನೇಕರು ಉಳಿಯುತ್ತಿರಲಿಲ್ಲವಾದ್ದರಿಂದ ಸರಾಸರಿ ಅಷ್ಟು ಕೆಳಗಿತ್ತು. ದೊಡ್ಡವರಾಗಿ ಬದುಕಿದವರನ್ನೂ ಕಾಲರಾ, ಮಲೇರಿಯಾ, ಕ್ಷಯ, ನ್ಯುಮೋನಿಯಾ ಬೇಗ ಒಯ್ಯುತ್ತಿದ್ದವು. ಈಗ ಸರಾಸರಿ ಆಯಸ್ಸು 70ರ ಆಸುಪಾಸಿನಲ್ಲಿದೆ. ಇದು ಸಂತೋಷದ ಸಂಗತಿ. ಆದರೆ ಕಾಯಿಲೆಗಳ ಸ್ವಭಾವ ಬದಲಾಯಿತು. ಲಕ್ವ, ಸಕ್ಕರೆ ಕಾಯಿಲೆ, ಮೂಳೆ ಮುರಿತ, ಮರೆಗುಳಿತನ, ಇವು ಬಂದರೆ ವಾರದಲ್ಲಿ ಮುಗಿಯುವುದಿಲ್ಲ. ಎರಡು ವರ್ಷ, ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ.

2011ರ ಜನಗಣತಿ ನೋಡಿ. ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ನೂರು ಜನರಲ್ಲಿ ಎಂಟೂವರೆ ಮಂದಿ. ಕರ್ನಾಟಕದಲ್ಲಿ ಒಂಬತ್ತೂವರೆ, ಕೇರಳದಲ್ಲಿ ಹನ್ನೆರಡೂವರೆ. ಆಮೇಲೆ ಈ ಲೆಕ್ಕ ಏರುತ್ತಲೇ ಇದೆ. ಇತ್ತ ಮನೆಯಲ್ಲಿರುವ ಕೈಗಳು ಕಡಿಮೆಯಾಗಿವೆ. ಮಕ್ಕಳು ಬೆಂಗಳೂರು, ಪುಣೆ, ಮಂಗಳೂರು ಸೇರಿದ್ದಾರೆ.

ಇನ್ನೂ ಒಂದು ಮಾತು. ಕೂಡು ಕುಟುಂಬದಲ್ಲಿ "ಎಲ್ಲರೂ" ನೋಡಿಕೊಂಡರು ಅಂತ ನಾವು ಹೇಳುತ್ತೇವೆ. ಮಲಮೂತ್ರ ಬಳಿದವರು ಎಲ್ಲರೂ ಅಲ್ಲ. ಮನೆಯ ಹೆಂಗಸರು. ಅದನ್ನು ಯಾರೂ ಕೆಲಸ ಅಂತ ಎಣಿಸಲಿಲ್ಲ, ಅದನ್ನು ಕಲಿಯಬೇಕು ಅಂತಲೂ ಯೋಚಿಸಲಿಲ್ಲ.

ಲಿವರ್‌ಪೂಲ್‌ನ ಒಬ್ಬ ನರ್ಸಮ್ಮ

ರೋಗಿಯ ಆರೈಕೆ ಒಂದು ವಿದ್ಯೆ, ಆ ವಿದ್ಯೆ ಬಡವರ ಮನೆ ಬಾಗಿಲಿಗೂ ಹೋಗಬೇಕು ಅನ್ನುವ ಯೋಚನೆಗೆ ಒಂದು ಸ್ಪಷ್ಟ ಆರಂಭ ಸಿಗುವುದು ಇಂಗ್ಲೆಂಡಿನಲ್ಲಿ.

ಲಿವರ್‌ಪೂಲ್ ಬಂದರು ಪಟ್ಟಣ. ಅಲ್ಲಿ ವಿಲಿಯಂ ರಾತ್‌ಬೋನ್ ಅನ್ನುವ ಸಿರಿವಂತ ವ್ಯಾಪಾರಿ ಇದ್ದ. 1859ರಲ್ಲಿ ಅವನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಆಕೆಯನ್ನು ಮನೆಯಲ್ಲೇ ನೋಡಿಕೊಂಡವರು ಮೇರಿ ರಾಬಿನ್ಸನ್ ಅನ್ನುವ ನರ್ಸ್. ಅವರ ಕೈಯಿಂದ ಹೆಂಡತಿಗೆ ಸಿಕ್ಕ ನೆಮ್ಮದಿಯನ್ನು ರಾತ್‌ಬೋನ್ ಕಣ್ಣಾರೆ ಕಂಡಿದ್ದ. ಎಲ್ಲ ಅನುಕೂಲ ಇರುವ ನಮ್ಮ ಮನೆಯಲ್ಲೇ ನರ್ಸ್ ಬೇಕಾಯಿತು, ಒಂದೇ ಕೋಣೆಯಲ್ಲಿ ಬದುಕುವ ಬಡವರ ಮನೆಯಲ್ಲಿ ಗತಿಯೇನು ಅಂತ ಅವನಿಗೆ ಅನ್ನಿಸಿತು. ಮೂರು ತಿಂಗಳ ಮಟ್ಟಿಗೆ ಬಡವರ ಕೇರಿಗೆ ಹೋಗಿ ರೋಗಿಗಳನ್ನು ನೋಡುವಂತೆ ಮೇರಿ ರಾಬಿನ್ಸನ್ ಅವರನ್ನೇ ಕೇಳಿಕೊಂಡ. ಸಂಬಳ, ಸಾಮಾನು ಎಲ್ಲ ಅವನದೇ.

ಒಂದು ತಿಂಗಳಾಗುವಷ್ಟರಲ್ಲಿ ಆಕೆ ಅಳುತ್ತಾ ವಾಪಸ್ ಬಂದರು. ಅಲ್ಲಿನ ಕಷ್ಟ ನೋಡಲಾಗುವುದಿಲ್ಲ ಅಂದರು. ರಾತ್‌ಬೋನ್ ಧೈರ್ಯ ಹೇಳಿ ಮತ್ತೆ ಕಳಿಸಿದ. ಮೂರು ತಿಂಗಳು ಮುಗಿದಾಗ ಆಕೆ, ನಾನು ಈ ಕೆಲಸ ಬಿಡುವುದಿಲ್ಲ ಅಂದರು. ಅಷ್ಟರಲ್ಲಿ ರೋಗಿಗಳು ಸುಧಾರಿಸಿದ್ದನ್ನು ಅವರು ನೋಡಿದ್ದರು. ಮನೆಯವರಿಗೆ ಹೇಳಿಕೊಟ್ಟರೆ ತಾವಿಲ್ಲದಾಗಲೂ ಆರೈಕೆ ನಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಾಗಿತ್ತು.

ಇಂಥ ಇನ್ನಷ್ಟು ನರ್ಸ್‌ಗಳನ್ನು ಹುಡುಕಿದರೆ ತರಬೇತಿ ಆದವರೇ ಸಿಗಲಿಲ್ಲ. ರಾತ್‌ಬೋನ್ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ಕಾಗದ ಬರೆದ. ಆಸ್ಪತ್ರೆಯ ಜೊತೆಗೇ ತರಬೇತಿ ಶಾಲೆ ಕಟ್ಟಿ ಅನ್ನುವ ಸಲಹೆ ಬಂತು. ಶಾಲೆ ಆಯಿತು. ಕೆಲವೇ ವರ್ಷಗಳಲ್ಲಿ ಲಿವರ್‌ಪೂಲ್ ಪಟ್ಟಣವನ್ನು 18 ಭಾಗ ಮಾಡಿ, ಭಾಗಕ್ಕೊಬ್ಬ ನರ್ಸ್ ಮನೆ ಮನೆಗೆ ಹೋಗುವ ವ್ಯವಸ್ಥೆ ನಿಂತಿತು. ಆಯಾ ಭಾಗದ ಸ್ಥಳೀಯರೇ ಹಾಸಿಗೆ, ಬಟ್ಟೆ, ಆಹಾರ ಒದಗಿಸಿದರು.

ಈ ಕಥೆಯಲ್ಲಿ ಎರಡು ವಿಷಯ ನೆನಪಿಡಿ. ನರ್ಸ್ ಮನೆಗೆ ಬಂದರು, ಅವರ ಬೆನ್ನಿಗೆ ಊರು ನಿಂತಿತು. ಈ ಎರಡೂ ಒಟ್ಟಿಗೆ ನಮ್ಮ ಪಕ್ಕದ ಕೇರಳದಲ್ಲಿ ಕಾಣಿಸಿಕೊಳ್ಳಲು ಇನ್ನೂ ನೂರಾ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಮುದುಕರ ಸರದಿ ಬಂದಿದ್ದು ತಡ

ನಮ್ಮಲ್ಲಿ ಹಳ್ಳಿಯ ಆರೋಗ್ಯ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು 1946ರ ಭೋರ್ ಸಮಿತಿಯ ವರದಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದಿದ್ದು ಅದರಿಂದ. ಉಪಕೇಂದ್ರದ ನರ್ಸಮ್ಮ ಮನೆಗೆ ಬರುವುದೂ ಶುರುವಾಯಿತು. ಆದರೆ ಅವರು ಬರುತ್ತಿದ್ದುದು ಬಸುರಿ, ಬಾಣಂತಿ, ಹಸುಗೂಸು ನೋಡಲು. ಅದೇ ಆಗ ತುರ್ತಿನ ಕೆಲಸವಾಗಿತ್ತು, ಅದರಲ್ಲಿ ತಪ್ಪಿಲ್ಲ. ಅದೇ ಮನೆಯ ಮೂಲೆಯಲ್ಲಿ ಮಲಗಿದ್ದ ಅಜ್ಜನ ಹೆಸರು ಮಾತ್ರ ಅವರ ಪುಸ್ತಕದಲ್ಲಿ ಇರಲಿಲ್ಲ.

ಯಾರೂ ಇಲ್ಲದ ಮುದುಕರಿಗೆ ಆಶ್ರಮಗಳು ಇದ್ದವು. ಕಲ್ಕತ್ತೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು 1882ರಲ್ಲೇ ಒಂದು ವೃದ್ಧಾಶ್ರಮ ತೆರೆದಿದ್ದರು. ಕಾನೂನುಗಳೂ ಬಂದವು. ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂದಿದ್ದು 2007ರಲ್ಲಿ. ಇವು ಬೇಕಾದವೇ. ಆದರೆ ನೋಡಿಕೊಳ್ಳುವ ಮನಸ್ಸಿದ್ದೂ ಹೇಗೆಂದು ಗೊತ್ತಿಲ್ಲದ ಮನೆಗೆ ಆಶ್ರಮವೂ ಉತ್ತರವಲ್ಲ, ಕೋರ್ಟೂ ಉತ್ತರವಲ್ಲ.

ಈ ನಡುವೆ ಇಂಗ್ಲೆಂಡಿನಲ್ಲಿ ಇನ್ನೊಂದು ಹೆಜ್ಜೆ ಬಿತ್ತು. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಅನ್ನುವ ಆರೈಕೆ ಕೇಂದ್ರ ತೆರೆದರು. ವಾಸಿಯಾಗದ ಕಾಯಿಲೆ ಇದ್ದರೂ ನೋವು ಕಡಿಮೆ ಮಾಡಬಹುದು, ಕೊನೆತನಕ ಮರ್ಯಾದೆಯಿಂದ ನೋಡಿಕೊಳ್ಳಬಹುದು ಅನ್ನುವುದು ಅವರ ನಂಬಿಕೆ. ಇದನ್ನೇ ಇಂಗ್ಲಿಷ್‌ನಲ್ಲಿ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಕನ್ನಡದಲ್ಲಿ ಉಪಶಾಮಕ ಆರೈಕೆ. ಎರಡೇ ವರ್ಷದಲ್ಲಿ, 1969ರಲ್ಲಿ, ಅಲ್ಲಿನ ತಂಡ ರೋಗಿಗಳ ಮನೆಗೂ ಹೋಗತೊಡಗಿತು. ಭಾರತದಲ್ಲಿ ಅಂಥ ಮೊದಲ ಕೇಂದ್ರ ಮುಂಬೈಯ ಶಾಂತಿ ಅವೇದನಾ, 1986ರಲ್ಲಿ. ಬೆಂಗಳೂರಿನ ಕರುಣಾಶ್ರಯ 1999ರಲ್ಲಿ ತೆರೆಯಿತು. ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ, ಮನೆಗೆ ಹೋಗುವ ತಂಡವೂ ಇದೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವು ಹೆಚ್ಚಾಗಿ ನಗರದಲ್ಲಿ, ಕಟ್ಟಡ ಕಟ್ಟಿ ಮಾಡಿದ ಕೆಲಸ. ಕಟ್ಟಡ ಇಲ್ಲದ ಹಳ್ಳಿಗೆ ಇದು ಬರುವುದು ಹೇಗೆ?

ಕಲ್ಲಿಕೋಟೆಯ ಒಂದು ಸಣ್ಣ ಕೋಣೆ

1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಸೇರಿ ಒಂದು ಸಂಘ ಕಟ್ಟಿಕೊಂಡರು. ನೋವಿನಿಂದ ನರಳುವ ಕ್ಯಾನ್ಸರ್ ರೋಗಿಗಳನ್ನು ಹೊರರೋಗಿಗಳಾಗಿ ನೋಡುವುದು ಅವರ ಕೆಲಸ. ಸಣ್ಣ ಕೋಣೆ, ಕೆಲವೇ ಜನ.

ರಾಜಗೋಪಾಲ್ ಅರಿವಳಿಕೆ ತಜ್ಞರು. ಆಪರೇಷನ್ ಟೇಬಲ್ ಮೇಲೆ ನೋವು ಗೊತ್ತಾಗದಂತೆ ಮಾಡುವ ವಿದ್ಯೆ ಬಲ್ಲವರು. ಆಸ್ಪತ್ರೆಯಿಂದ ಮನೆಗೆ ಹೋದವರ ನೋವನ್ನು ನೋಡುವವರು ಯಾರು ಅನ್ನುವ ಪ್ರಶ್ನೆ ಅವರನ್ನು ಕಾಡಿತ್ತು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧಿ ದುಬಾರಿಯದ್ದೇನಲ್ಲ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ತೊಡಕಿನಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೇ ಹೆದರುತ್ತಿದ್ದವು. ರಾಜಗೋಪಾಲ್ ಮತ್ತಿತರರು ವರ್ಷಗಟ್ಟಲೆ ಹೋರಾಡಿದರು. ಸಂಸತ್ತು 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದಿತು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಮತ್ತೆ ಆ ಕೋಣೆಗೆ ಬರೋಣ. ಜನ ದೂರದೂರದಿಂದ ಬರತೊಡಗಿದರು. ಸ್ವಲ್ಪ ದಿನದಲ್ಲೇ ವೈದ್ಯರಿಗೆ ಒಂದು ಸಂಗತಿ ಗೊತ್ತಾಯಿತು. ಬರುತ್ತಿದ್ದವರು ಬರಲು ಶಕ್ತಿ ಇದ್ದವರು. ನಿಜವಾಗಿ ಕಷ್ಟದಲ್ಲಿದ್ದವರು ಮನೆಯಲ್ಲೇ ಮಲಗಿದ್ದರು. ಅವರು ಬರಲಾರರು, ನಾವೇ ಹೋಗಬೇಕು ಅಂತ 1996ರ ಹೊತ್ತಿಗೆ ಮನೆ ಭೇಟಿ ಶುರು ಮಾಡಿದರು.

ಮನೆಗೆ ಹೋದ ಮೇಲೆ ಕಣ್ಣಿಗೆ ಬಿದ್ದದ್ದೇ ಬೇರೆ. ರೋಗಿಗೆ ಮಾತ್ರೆ ಇದೆ, ನುಂಗಲು ಊಟವಿಲ್ಲ. ದುಡಿಯುವವನು ಮಲಗಿದ್ದಾನೆ, ಮಕ್ಕಳು ಶಾಲೆ ಬಿಟ್ಟಿದ್ದಾರೆ. ನೋಡಿಕೊಳ್ಳುವ ಹೆಂಡತಿ ತಿಂಗಳಿಂದ ಮನೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಇದಕ್ಕೆಲ್ಲ ಡಾಕ್ಟರ ಹತ್ತಿರ ಔಷಧಿ ಇಲ್ಲ. ನೆರೆಹೊರೆಯವರ ಹತ್ತಿರ ಇದೆ.

ವಾರಕ್ಕೆ ಎರಡು ಗಂಟೆ

ಈ ತಿಳಿವಳಿಕೆಯಿಂದ ಹುಟ್ಟಿದ್ದು ನೆರೆಹೊರೆ ಜಾಲ. 1999ರಿಂದ 2001ರ ಹೊತ್ತಿಗೆ ಮಲಪ್ಪುರಂ ಮತ್ತು ಸುತ್ತಲ ಜಿಲ್ಲೆಗಳಲ್ಲಿ ಇದು ಕಾಲೂರಿತು. ಅವರು ಊರಿನವರನ್ನು ಕೇಳಿದ್ದು ದೊಡ್ಡದೇನಲ್ಲ: ವಾರಕ್ಕೆ ಎರಡು ಗಂಟೆ ಕೊಡುತ್ತೀರಾ?

ಕೊಡುತ್ತೇವೆ ಅಂದವರಿಗೆ 16 ಗಂಟೆಗಳ ಪಾಠ, ಜೊತೆಗೆ ನಾಲ್ಕು ದಿನ ಅನುಭವಿಗಳೊಂದಿಗೆ ರೋಗಿಗಳ ಬಳಿ ಹೋಗಿ ಕಲಿಯುವುದು. ರೋಗಿಯ ಜೊತೆ ಹೇಗೆ ಮಾತಾಡಬೇಕು, ಹೇಗೆ ಸುಮ್ಮನೆ ಕೂತು ಕೇಳಬೇಕು, ಮಲಗಿದವರ ಮೈಕೈ ಹೇಗೆ ನೋಡಿಕೊಳ್ಳಬೇಕು ಅನ್ನುವುದೇ ಪಾಠ. ಕಲಿತವರು ಹತ್ತು ಹದಿನೈದು ಜನರ ಗುಂಪು ಕಟ್ಟಿಕೊಳ್ಳಬೇಕು. ತಮ್ಮ ಸುತ್ತಮುತ್ತ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಪಟ್ಟಿ ಮಾಡಬೇಕು. ನರ್ಸ್ ಮತ್ತು ಡಾಕ್ಟರ್ ಅವರ ಬೆನ್ನಿಗಿರುತ್ತಾರೆ.

ಸೇರಿದವರು ಯಾರು? ಮೇಷ್ಟ್ರುಗಳು, ಅಂಗಡಿಯವರು, ಆಟೋ ಓಡಿಸುವವರು, ಕೂಲಿಯವರು, ಗೃಹಿಣಿಯರು, ಕಾಲೇಜು ಹುಡುಗ ಹುಡುಗಿಯರು. ಹಣ ಎಲ್ಲಿಂದ? ಬಹುಪಾಲು ಅದೇ ಊರಿಂದ. ಅಂಗಡಿಯಲ್ಲಿಟ್ಟ ಡಬ್ಬಿಗೆ ಬೀಳುವ ಚಿಲ್ಲರೆ, ಶಾಲಾ ಮಕ್ಕಳು ಕೂಡಿಸಿದ ಒಂದೊಂದು ರೂಪಾಯಿ. ದೊಡ್ಡ ದಾನಿಯೊಬ್ಬ ಕೈಬಿಟ್ಟರೆ ಕೆಲಸ ನಿಲ್ಲುತ್ತದೆ. ಸಾವಿರ ಜನ ಒಂದೊಂದು ರೂಪಾಯಿ ಕೊಟ್ಟರೆ ಕೆಲಸ ಊರಿನದಾಗುತ್ತದೆ.

ಇಲ್ಲಿಯೇ ಇನ್ನೊಂದು ತಿರುವು ಆಯಿತು. ಮೊದಲು ಇವರು ನೋಡುತ್ತಿದ್ದುದು ಕ್ಯಾನ್ಸರ್ ರೋಗಿಗಳನ್ನು. ಊರಿನವರು ಪಟ್ಟಿ ಮಾಡಹೊರಟಾಗ ಸಹಜವಾಗಿ ಕೇಳಿದರು: ಪಕ್ಕದ ಮನೆಯ ಅಜ್ಜನಿಗೆ ಲಕ್ವ ಹೊಡೆದು ನಾಲ್ಕು ವರ್ಷವಾಯಿತು, ಅವರು ಯಾಕೆ ಬೇಡ? ಬಿದ್ದು ಸೊಂಟ ಮುರಿದ ಅಜ್ಜಿ ಯಾಕೆ ಬೇಡ? ಹಾಗೆ ಪಟ್ಟಿ ಬೆಳೆಯಿತು. ಕೊನೆಗೆ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲದ, ವಯಸ್ಸಾಗಿ ಹಾಸಿಗೆ ಹಿಡಿದವರೇ ಹೆಚ್ಚಾದರು. ಡಾಕ್ಟರುಗಳು ಕಾಯಿಲೆಯ ಹೆಸರು ನೋಡಿ ಶುರು ಮಾಡಿದ ಕೆಲಸವನ್ನು ಊರಿನವರು ಮನುಷ್ಯನ ಕಷ್ಟ ನೋಡಿ ದೊಡ್ಡದು ಮಾಡಿದರು.

ಪಂಚಾಯಿತಿ ಕೈಹಾಕಿತು

ಸ್ವಯಂಸೇವಕರ ಉತ್ಸಾಹ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಅದು ನಿಲ್ಲಬೇಕಾದರೆ ಸರ್ಕಾರದ ಆಸರೆ ಬೇಕು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆ ನೀತಿ ಹೊರಡಿಸಿತು. ಇಂಥ ನೀತಿ ತಂದ ಮೊದಲ ರಾಜ್ಯ ಅದು. ಮನೆಯಲ್ಲೇ ಕೊಡುವ ಆರೈಕೆಯೇ ಈ ನೀತಿಯ ತಳಹದಿ. ಆಮೇಲೆ ಗ್ರಾಮ ಪಂಚಾಯಿತಿಗಳೇ ಇದನ್ನು ನಡೆಸಬೇಕು ಅಂತ ಆಯಿತು.

ಹೇಗೆ ನಡೆಯುತ್ತದೆ ನೋಡಿ. ಪಂಚಾಯಿತಿ ತನ್ನ ವರ್ಷದ ಯೋಜನೆಯಲ್ಲಿ ಇದಕ್ಕೆ ಹಣ ಇಡುತ್ತದೆ. ತರಬೇತಿ ಆದ ನರ್ಸ್ ಒಬ್ಬರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಸೇರಿಸುತ್ತದೆ. ಅವರು ವಾಹನದಲ್ಲಿ ಸರದಿಯಂತೆ ಮನೆ ಮನೆಗೆ ಹೋಗುತ್ತಾರೆ. ಜೊತೆಗೆ ಆಶಾ ಕಾರ್ಯಕರ್ತೆ, ಸ್ವಯಂಸೇವಕರು, ಕೆಲವೊಮ್ಮೆ ಪಂಚಾಯಿತಿ ಸದಸ್ಯರು. ಹುಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಮೂತ್ರದ ಪೈಪು ಬದಲಿಸುತ್ತಾರೆ, ಬಿಪಿ ನೋಡುತ್ತಾರೆ, ಮನೆಯವರಿಗೆ ಹೇಳಿಕೊಡುತ್ತಾರೆ. ಅವರ ಕೈಲಾಗದ್ದು ತಾಲ್ಲೂಕು ಆಸ್ಪತ್ರೆಗೆ, ಅಲ್ಲೂ ಆಗದ್ದು ದೊಡ್ಡಾಸ್ಪತ್ರೆಗೆ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಲ್ಲಿಕೋಟೆಯ ಸಂಸ್ಥೆಯನ್ನು ತನ್ನ ಸಹಯೋಗ ಕೇಂದ್ರವಾಗಿ ಗುರುತಿಸಿತು. ಅದೇ ವರ್ಷ ಜೀವನದ ಕೊನೆಯ ದಿನಗಳ ಆರೈಕೆ ಯಾವ ದೇಶದಲ್ಲಿ ಹೇಗಿದೆ ಅಂತ ಒಂದು ಅಂತಾರಾಷ್ಟ್ರೀಯ ವರದಿ ಬಂತು. ನಲವತ್ತು ದೇಶಗಳ ಪಟ್ಟಿಯಲ್ಲಿ ಭಾರತ ಕಟ್ಟಕಡೆಗೆ. ಆದರೆ ಅದೇ ವರದಿ ಕೇರಳವನ್ನು ಬೇರೆಯಾಗಿ ಹೆಸರಿಸಿ ಹೊಗಳಿತ್ತು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಮೂರು ಪಾಲಿರುವ ರಾಜ್ಯ ದೇಶದ ಇಂಥ ಸೇವೆಯಲ್ಲಿ ಮೂರನೇ ಎರಡು ಪಾಲು ಕೊಡುತ್ತಿದೆ ಅಂದಿತ್ತು.

ಇದು ದೂರದ ಕಥೆಯಲ್ಲ. ತಲಪಾಡಿ ದಾಟಿದರೆ ಮಂಜೇಶ್ವರ. ಕಾಸರಗೋಡಿನ ಕನ್ನಡ, ತುಳು ಮಾತಾಡುವ ಮನೆಗಳೂ ಇದೇ ನೀತಿಯ ಕೆಳಗೆ ಬರುತ್ತವೆ. ಗಡಿಯ ಆಚೆಗಿನ ಅಜ್ಜಿಗೂ ಈಚೆಗಿನ ಅಜ್ಜಿಗೂ ಭಾಷೆ ಒಂದೇ, ಕಾಯಿಲೆ ಒಂದೇ. ಸಿಗುವ ವ್ಯವಸ್ಥೆ ಮಾತ್ರ ಬೇರೆ.

ಮನೆಯಲ್ಲೇ ಆದರೆ ಏನು ಲಾಭ?

ಇಷ್ಟೆಲ್ಲ ಜನ ಕಷ್ಟಪಟ್ಟು ಮನೆಗೇ ಯಾಕೆ ಹೋದರು? ಆಸ್ಪತ್ರೆಗೇ ಸೇರಿಸಬಹುದಿತ್ತಲ್ಲ? ಕಾರಣಗಳಿವೆ.

ವಯಸ್ಸಾದವರು ಆಸ್ಪತ್ರೆಯ ಮಂಚದ ಮೇಲೆ ಸುಮ್ಮನೆ ಮಲಗಿದರೆ ಕೆಲವೇ ದಿನಗಳಲ್ಲಿ ಕಾಲಿನ ಕಸುವು ಇಳಿಯುತ್ತದೆ. ಮನೆಯಲ್ಲಾದರೆ ಹಿತ್ತಿಲಿಗೆ, ಜಗುಲಿಗೆ, ದೇವರ ಮುಂದಕ್ಕೆ ಅಂತ ನಾಲ್ಕು ಹೆಜ್ಜೆ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಬೇರೆ ರೋಗಿಗಳಿಂದ ಸೋಂಕು ತಗಲುವ ಭಯವೂ ಇದೆ.

ಮರೆಗುಳಿತನ ಇರುವವರಿಗಂತೂ ಗುರುತಿನ ಗೋಡೆ, ಗುರುತಿನ ದನಿ ತುಂಬ ಮುಖ್ಯ. ಜಾಗ ಬದಲಾದರೆ ಅವರು ಗಾಬರಿಯಾಗುತ್ತಾರೆ, ರಾತ್ರಿ ಎದ್ದು ಕೂಗುತ್ತಾರೆ.

ಖರ್ಚಿನ ಲೆಕ್ಕ ನಿಮಗೇ ಗೊತ್ತು. ಆಸ್ಪತ್ರೆ ಬಿಲ್ಲು ಒಂದು ಕಡೆ, ಜೊತೆಗಿರುವವರ ಊಟ, ಬಸ್ ಚಾರ್ಜು, ತಪ್ಪಿದ ಕೂಲಿ ಇನ್ನೊಂದು ಕಡೆ. ವಿಮೆ ಕಾರ್ಡು ಆಸ್ಪತ್ರೆಗೆ ದಾಖಲಾದರೆ ನಡೆಯುತ್ತದೆ. ಮನೆಯಲ್ಲಿ ಆಗುವ ಡಯಾಪರ್, ಬ್ಯಾಂಡೇಜು, ಬಿಟ್ಟ ಕೂಲಿಗೆ ಅದು ನಡೆಯುವುದಿಲ್ಲ.

ಸಣ್ಣ ತಿಳಿವಳಿಕೆಯಿಂದ ದೊಡ್ಡ ಕಷ್ಟ ತಪ್ಪುತ್ತದೆ. ತಾವೇ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಈ ಜಾಗಗಳನ್ನು ದಿನಾ ನೋಡಬೇಕು. ಕೆಂಪಾದ ಜಾಗವನ್ನು ಉಜ್ಜಬಾರದು. ಹಾಸಿಗೆ ಒದ್ದೆಯಾಗಿರಬಾರದು. ಊಟ ಮಾಡಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಬೇಕು, ಮಲಗಿಸಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಇದನ್ನು ಹೇಳಲು ಅರ್ಧ ಗಂಟೆ ಸಾಕು. ಹೇಳುವವರು ಮನೆಗೆ ಬರಬೇಕು ಅಷ್ಟೆ.

ಕೊನೆಯದಾಗಿ, ನೋಡಿಕೊಳ್ಳುವವರಿಗೆ ಸಿಗುವ ಉಸಿರು. ವಾರಕ್ಕೊಮ್ಮೆ ಯಾರಾದರೂ ಎರಡು ಗಂಟೆ ಬಂದು ಕೂತರೆ ಆ ಹೆಣ್ಣುಮಗಳು ನೆಮ್ಮದಿಯಾಗಿ ಸ್ನಾನ ಮಾಡಬಹುದು, ಸಂತೆಗೆ ಹೋಗಿ ಬರಬಹುದು. ಅವಳು ಕುಸಿದರೆ ಆ ಮನೆಯಲ್ಲಿ ಮಲಗುವವರು ಇಬ್ಬರಾಗುತ್ತಾರೆ.

ಹಾಗಂತ ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಉಸಿರಾಟದ ತೊಂದರೆ, ಬಿದ್ದು ಪೆಟ್ಟಾಗುವುದು, ಇವಕ್ಕೆ ಒಂದು ನಿಮಿಷ ತಡ ಮಾಡದೆ ಆಸ್ಪತ್ರೆಯೇ ಸರಿ. 108ಕ್ಕೆ ಫೋನ್ ಮಾಡಿ.

ಕೇರಳದಲ್ಲೂ ಎಲ್ಲ ಸರಿಯಾಗಿಲ್ಲ. ನರ್ಸ್ ದಿನಾ ಬರಲಾಗುವುದಿಲ್ಲ, ನಡುವಿನ ದಿನಗಳ ಭಾರ ಅಲ್ಲೂ ಮನೆಯ ಹೆಂಗಸರ ಮೇಲೆಯೇ. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಮನೆಯಲ್ಲಿ ಮುದುಕರಿಬ್ಬರೇ ಉಳಿದ ಕಡೆ ಈ ವ್ಯವಸ್ಥೆಯೂ ಸಾಲದು. ಆದರೂ ಅಲ್ಲಿ ಒಂದು ಸಂಗತಿ ಆಗಿದೆ. ಮಲಗಿದವರ ಹೆಸರು ಪಂಚಾಯಿತಿಯ ಪಟ್ಟಿಯಲ್ಲಿದೆ.

ನಮ್ಮ ಊರಿನ ಪಟ್ಟಿ ಎಲ್ಲಿದೆ?

ನಮ್ಮಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಹಿರಿಯರ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2010-11ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಹಾಸಿಗೆ ಹಿಡಿದ ಹಿರಿಯರ ಮನೆಗೆ ಉಪಕೇಂದ್ರದವರು ಭೇಟಿ ಕೊಡಬೇಕು, ನೋಡಿಕೊಳ್ಳುವ ಮನೆಯವರಿಗೆ ತರಬೇತಿ ಕೊಡಬೇಕು ಅಂತ ಅದರಲ್ಲೇ ಬರೆದಿದೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು ಹಾಕಿರುವ ಕೇಂದ್ರಗಳು ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಹಿರಿಯರ ಮತ್ತು ಉಪಶಾಮಕ ಆರೈಕೆಯೂ ಒಂದು. 2024ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಸಕ್ಕರೆ ತಪಾಸಣೆ ಮನೆ ಬಾಗಿಲಿಗೆ ಬರತೊಡಗಿದೆ. ಹಿರಿಯರ ಸಹಾಯವಾಣಿ 14567 ಇದೆ.

ಅಂದರೆ ಕಾಗದದ ಮೇಲೆ ಅರ್ಧ ದಾರಿ ಆಗಿದೆ. ಉಳಿದರ್ಧ ನಮ್ಮ ಕೈಯಲ್ಲಿದೆ. ನಿಮ್ಮ ಉಪಕೇಂದ್ರದ ನರ್ಸಮ್ಮನನ್ನೋ ಸಮುದಾಯ ಆರೋಗ್ಯ ಅಧಿಕಾರಿಯನ್ನೋ ಒಮ್ಮೆ ಕೇಳಿ: "ನಮ್ಮ ಊರಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಇದೆಯಾ ಮೇಡಂ?" ಮುಂದಿನ ಗ್ರಾಮ ಸಭೆಯಲ್ಲಿ ರಸ್ತೆ, ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಎತ್ತಿ. ಸ್ತ್ರೀಶಕ್ತಿ ಸಂಘದಲ್ಲಿ, ಯುವಕ ಮಂಡಲದಲ್ಲಿ ಮಾತಾಡಿ. ಗಣಪತಿ ಕೂರಿಸಲು ಚಂದಾ ಎತ್ತುವ ಊರಿಗೆ ಒಂದು ಗಾಳಿ ಹಾಸಿಗೆ, ಒಂದು ವೀಲ್‌ಚೇರ್ ತಂದಿಡುವುದು ಕಷ್ಟವಲ್ಲ. ಒಬ್ಬರಿಗೆ ಮುಗಿದ ಮೇಲೆ ಇನ್ನೊಬ್ಬರ ಮನೆಗೆ ಹೋಗುತ್ತದೆ.

ನಮ್ಮ ಗೆಳತಿಯ ಅಜ್ಜಿ ಈಗಿಲ್ಲ. ಹುಣ್ಣು ಮಾಯಲಿಲ್ಲ. ಮನೆಯಲ್ಲೇ, ಮಗಳ ಕೈಯಿಂದ ನೀರು ಕುಡಿದು ಹೋದರು ಅನ್ನುವುದಷ್ಟೇ ಸಮಾಧಾನ. ಮೊನ್ನೆ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಒಬ್ಬ ಅಜ್ಜನಿಗೆ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಕರೆತಂದರು. ಗೆಳತಿಯ ಅಮ್ಮ ಅವತ್ತು ಸಂಜೆಯೇ ಅಲ್ಲಿಗೆ ಹೋದರು. ಆ ಮನೆಯ ಸೊಸೆಗೆ ಮಗ್ಗುಲು ಬದಲಿಸುವುದು ಹೇಗೆ ಅಂತ ತೋರಿಸಿ, ಹಿಮ್ಮಡಿ ಕೆಳಗೆ ಮಡಿಸಿದ ಹಳೇ ಸೀರೆ ಇಟ್ಟು ಬಂದರು.

ನಿಮ್ಮ ಬೀದಿಯಲ್ಲಿ ಯಾರು ಮಲಗಿದ್ದಾರೆ? ಈ ವಾರ ಎರಡು ಗಂಟೆ ಬಿಡುವಿದ್ದರೆ ಹೋಗಿ ಬನ್ನಿ.